ಎಡಕ್ಕೆ ಬೆಳ್ಯಾ, ಬಲಕ್ಕೆ ಕೆಂದ್ಯಾ

ಏಪ್ರಿಲ್ ೨೧, ರವಿವಾರ

ಗೊಬ್ಬರ ಹೇರುವುದು ಇವತ್ತಿಗೆ ಮುಗಿಯಿತು. ಮೊದಲು ನನ್ನ ಹೊಲಕ್ಕೆ, ಆಮೇಲೆ ಅಮೋಘಸಿದ್ದಪ್ಪನ ಹೊಲಕ್ಕೆ. ಚಕ್ಕಡಿಯ ಗಾಲಿ ಕಿರ್ ಅನ್ನುತ್ತಿದೆ, ಎಣ್ಣೆ ಹಾಕಬೇಕು. ಬೆನ್ನು ನೋವು. ಬಿಸಿಲು ಅಂದರೆ ಬಿಸಿಲು.

ಬಿಳಿ ಎತ್ತು ಬೆಳ್ಯಾ ನನ್ನದು. ಕೆಂದೆತ್ತು ಕೆಂದ್ಯಾ ಅಮೋಘನದು. ಇಬ್ಬರಿಗೂ ಒಂದೊಂದೇ ಎತ್ತು. ಎರಡು ಸೇರಿಸಿದರೆ ಜೋಡಿ, ಎರಡೂ ಮನೆಯ ಕೆಲಸ. ನಮ್ಮಪ್ಪ, ಅವರಪ್ಪ ಮಾಡಿಟ್ಟ ವ್ಯವಸ್ಥೆ. ಎತ್ತು ಬದಲಾದವು, ವ್ಯವಸ್ಥೆ ಬದಲಾಗಲಿಲ್ಲ. ಮನೆಯಲ್ಲಿ ಟ್ರ್ಯಾಕ್ಟರ್ ಇದ್ದವರಿಗೆ ಎತ್ತು ಯಾಕೆ ಅಂತ ಮಂದಿ ನಗುತ್ತಾರೆ. ಬೆಳೆಯ ಸಾಲಿನಲ್ಲಿ ಕಳೆ ತೆಗೆಯಲು ಟ್ರ್ಯಾಕ್ಟರ್ ಬಿಟ್ಟು ನೋಡಲಿ, ನಾನೂ ನಗುತ್ತೇನೆ.

ಇವತ್ತು ಅಮೋಘನ ಮಗ ಸುನೀಲ ಅವಸರದಲ್ಲಿ ಎತ್ತು ಅದಲು ಬದಲು ಹೂಡಿದ. ಬೆಳ್ಯಾ ಬಲಕ್ಕೆ, ಕೆಂದ್ಯಾ ಎಡಕ್ಕೆ. ಹೆಜ್ಜೆ ಎತ್ತಲೇ ಇಲ್ಲ. ತಮ್ಮ ತಮ್ಮ ಬದಿಗೆ ಹೋಗಲು ಒಂದನ್ನೊಂದು ತಳ್ಳಿ, ನೊಗ ತಿರುಚಿ, ಚಕ್ಕಡಿ ಗಟಾರಕ್ಕೆ ಬೀಳುವುದರಲ್ಲಿತ್ತು. ಸಣ್ಣ ಕರು ಇದ್ದಾಗಿನಿಂದ ಅವು ಕಲಿತದ್ದು. ನೊಗ ಇಲ್ಲದೆ ನೀರಿಗೆ ಹೊಡೆದರೂ ಅಷ್ಟೇ, ಬೆಳ್ಯಾ ಎಡಕ್ಕೆ ಬಂದು, ಕೆಂದ್ಯಾ ಬಲಕ್ಕೆ ಬಂದು ನಡೆಯುತ್ತವೆ. ಅಮೋಘ ಮಗನಿಗೆ ಬೈದ.

"ಲೇ ಸುನ್ಯಾ, ಟ್ರ್ಯಾಕ್ಟರ್ ಹೊಡದು ಹೊಡದು ಎತ್ತಿಗೂ ಸ್ಟೇರಿಂಗ್ ಐತಿ ಅಂತ ತಿಳದಿಯೇನ?"

ಎಲ್ಲರೂ ನಕ್ಕೆವು. ನನ್ನ ಮಗ ನಿಂಗರಾಜ ಎಲ್ಲರಿಗಿಂತ ಜೋರು. ಈ ಇಬ್ಬರು ಹುಡುಗರು ಸೀಜನ್‌ನಲ್ಲಿ ನಮ್ಮ ಟ್ರ್ಯಾಕ್ಟರಿನಲ್ಲಿ ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿಗೆ ಕಬ್ಬು ಹೇರುತ್ತಾರೆ. ಒಂದು ಟ್ರಿಪ್ ಇವನು, ಒಂದು ಟ್ರಿಪ್ ಅವನು. ಈಗ ಸೀಜನ್ ಮುಗಿದು ಖಾಲಿ ಇದ್ದಾರೆ.

ಏಪ್ರಿಲ್ ೩೦

'ನಮ್ಮೂರು' ಅಂತ ಒಂದು ವಾಟ್ಸಾಪ್ ಗ್ರೂಪ್ ಇತ್ತು. ಯಾರ ಎಮ್ಮೆ ಕಳೆಯಿತು, ಯಾರ ಮನೆಯಲ್ಲಿ ತೊಟ್ಟಿಲು, ಲೈಟು ಯಾವಾಗ ಬರುತ್ತದೆ, ಅಷ್ಟೇ. ಎಲೆಕ್ಷನ್ ಬಂತು, ನಿನ್ನೆಯಿಂದ ಎರಡು ಗ್ರೂಪ್. ಮೇಲಿನ ಓಣಿಯದಕ್ಕೆ ಗುರುನಾಥ ಅಡ್ಮಿನ್ — ರಸ್ತೆ ಕಾಂಟ್ರಾಕ್ಟ್ ಹಿಡಿಯುವವ. ಕೆಳಗಿನ ಓಣಿಯದಕ್ಕೆ ಸುಭಾಸ — ಗೊಬ್ಬರದ ಅಂಗಡಿಯವ. ನಮ್ಮ ಮನೆ ಎರಡೂ ಓಣಿ ಕೂಡುವ ಮೂಲೆಯಲ್ಲಿದೆ, ಅಮೋಘನದು ಕೆಳಗಿನ ಓಣಿಯಲ್ಲಿ. ಎರಡರಲ್ಲೂ ನನ್ನನ್ನು ಸೇರಿಸಿದ್ದಾರೆ.

ಇವರು ದೇಶ ಮುಳುಗುತ್ತಿದೆ ಅನ್ನುತ್ತಾರೆ. ಅವರೂ ದೇಶ ಮುಳುಗುತ್ತಿದೆ ಅನ್ನುತ್ತಾರೆ. ಮುಳುಗಿಸುವವರು ಯಾರು ಅನ್ನುವುದರಲ್ಲಿ ಮಾತ್ರ ಭಿನ್ನಾಭಿಪ್ರಾಯ. ಇವತ್ತು ಎರಡರಲ್ಲೂ ಒಂದೇ ವಿಡಿಯೋ ಬಂತು. ಯಾವುದೋ ಊರು, ಯಾರೋ ಒಬ್ಬನನ್ನು ಹತ್ತು ಮಂದಿ ಬಡಿಯುತ್ತಿದ್ದಾರೆ. ಇದರಲ್ಲಿ 'ನಮ್ಮವನನ್ನು ಹೊಡೆದರು' ಅಂತ ಬರೆದಿದ್ದರು. ಅದರಲ್ಲೂ 'ನಮ್ಮವನನ್ನು ಹೊಡೆದರು' ಅಂತಲೇ ಬರೆದಿದ್ದರು. ಹೊಡೆಸಿಕೊಂಡವನ ಮಾತು ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ.

ನಿಂಗರಾಜನಿಗೆ ಎರಡೂ ತೋರಿಸಿದೆ.

"ಅಪ್ಪಾ, ಅವರು ನಮ್ಮದನ್ನ ಕದ್ದು ಹಾಕ್ಯಾರ. ನೋಡ್ರಿ, ಎಂಥಾ ಮಂದಿ!"

ಊಟ ಮಾಡದೆ ಎದ್ದು ಹೋದ.

ಮೇ ೭, ಮಂಗಳವಾರ, ಸಂಜೆ

ಮತದಾನ. ಶಾಲೆಯ ಮುಂದೆ ಎರಡು ಪಾರ್ಟಿಯ ಎರಡು ಟೇಬಲ್, ನಡುವೆ ಪೊಲೀಸರು. ನಾನು ಯಾರಿಗೆ ಹಾಕಿದೆ ಅಂತ ಇಲ್ಲಿಯೂ ಬರೆಯುವುದಿಲ್ಲ.

ಮಧ್ಯಾಹ್ನ ತಳ್ಳಾಟ. ಸುಭಾಸನ ಕಡೆಯವರು ಮೇಲಿನ ಓಣಿಯ ಹುಡುಗರಿಗೆ "ಗುಲಾಮರು" ಅಂದರಂತೆ. ಇವರು "ದೇಶದ್ರೋಹಿಗಳು" ಅಂದರಂತೆ. ಚಪ್ಪಲಿ ಹಾರಿದವು. ನಿಂಗರಾಜ ಮೇಲಿನವರ ಕಡೆ ನಿಂತಿದ್ದ, ಸುನೀಲ ಕೆಳಗಿನವರ ಕಡೆ. ಒಬ್ಬರನ್ನೊಬ್ಬರು ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ. ಹೆಂಡತಿ ಸೋಮವ್ವನಿಗೆ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಬೈದಾಡಿದ್ರ ಛಲೋ ಇತ್ತು. ನಾಳೆ ಮಾತಾಡತಿದ್ರು."

ನನಗೂ ಹಾಗೇ ಅನ್ನಿಸಿತು.

ಮೇ ೧೯

ಎಷ್ಟೋ ದಿನ ಬರೆಯಲಿಲ್ಲ. ಬರೆಯಲು ಕೂತರೆ ಸಿಟ್ಟು ಬರುತ್ತದೆ.

ಮೇಲಿನ ಓಣಿಯವರು ಈಗ ಕೆಳಗಿನ ಓಣಿಯ ಗಿರಣಿಗೆ ಜೋಳ ಒಯ್ಯುವುದಿಲ್ಲ. ಕೂಗಳತೆಯ ಗಿರಣಿ ಬಿಟ್ಟು ಪಕ್ಕದ ಊರಿಗೆ ಬೈಕ್ ಮೇಲೆ ಚೀಲ ಹೇರುತ್ತಾರೆ. ಚಹಾದಂಗಡಿ ಎರಡಾದವು. ಚಹಾ ಎರಡರಲ್ಲೂ ಕೆಟ್ಟದ್ದೇ.

ಸುನೀಲ ಬಂದು ಟ್ರ್ಯಾಕ್ಟರಿನ ಕೀಲಿ ಕಟ್ಟೆಯ ಮೇಲಿಟ್ಟ.

"ಕಾಕಾ, ಬರೂ ಸೀಜನ್‌ಗೆ ಬ್ಯಾರೆ ಡ್ರೈವರ್ ನೋಡ್ರಿ."

"ಯಾಕೋ? ನಾ ಏನರ ಅಂದ್ನೇನ?"

"ನೀವೇನ ಅಂದಿಲ್ಲ."

ಒಳಗೆ ನಿಂಗರಾಜ ಇದ್ದ, ಹೊರಗೆ ಬರಲಿಲ್ಲ. ಸೋಮವ್ವ ಮಜ್ಜಿಗೆ ತಂದಳು, ಸುನೀಲ ಕುಡಿಯದೆ ಹೋದ. ಈ ಮನೆಯ ಮಜ್ಜಿಗೆ ಕುಡಿದೇ ಬೆಳೆದವನು. ಕರೆದು ಕಪಾಳಕ್ಕೆ ಎರಡು ಕೊಡಬೇಕು ಅನ್ನಿಸಿತು. ಇಬ್ಬರಿಗೂ.

ಜೂನ್ ೪

ರಿಸಲ್ಟ್. ಒಬ್ಬರು ಗೆದ್ದರು, ಒಬ್ಬರು ಸೋತರು. ಗೆದ್ದವರಿಗೂ ಸಮಾಧಾನ ಇಲ್ಲ. ನಮ್ಮ ಬೂತಿನಲ್ಲಿ ಯಾರಿಗೆ ಎಷ್ಟು ಬಿದ್ದವು ಅಂತ ಜಗಳ.

ಮೇಲಿನ ಓಣಿಯ ಹುಡುಗರು ಪಟಾಕಿ ಸರ ಅಮೋಘನ ದನದ ಕೊಟ್ಟಿಗೆಯ ಮುಂದೆ ಹಚ್ಚಿದರು. ಬೇಕಂತಲೇ. ಕೆಂದ್ಯಾ ಹಗ್ಗ ಹರಿದುಕೊಂಡು ಓಡಿತು. ಅದು ಓಡಿ ಬಂದದ್ದು ನಮ್ಮ ಹಿತ್ತಲಿಗೆ, ಬೆಳ್ಯಾನ ಪಕ್ಕಕ್ಕೆ. ಹಿಡಿದುಕೊಂಡು ಹೋಗಲು ಅಮೋಘ ಬಂದ. ಇಷ್ಟು ವರ್ಷದಲ್ಲಿ ಮೊದಲ ಸಲ ಬಾಗಿಲಲ್ಲಿ ನಿಂತು "ಬರಲ್ಯಾ?" ಅಂತ ಕೇಳಿದ.

ಜೂನ್ ೧೧

ಮೃಗಶಿರಾ ಮಳೆ ಚೆನ್ನಾಗಿ ಬಿತ್ತು. ಹೆಸರು, ಸೋಯಾ ಬಿತ್ತಿದೆವು. ನಾನು ಮತ್ತು ಅಮೋಘ ಇಬ್ಬರೇ, ಮಕ್ಕಳಿಬ್ಬರೂ ಬರಲಿಲ್ಲ. ಕೂರಿಗೆಯ ಹಿಂದೆ ಶಟ್ಟೆವ್ವ — ಅಮೋಘನ ಹೆಂಡತಿ — ಮತ್ತು ಸೋಮವ್ವ. ಮಾತಿಲ್ಲದ ಬಿತ್ತಿಗೆ ಮೊದಲ ಸಲ ಮಾಡಿದೆ.

ಬದುವಿನ ಮೇಲೆ ನಿಂತು ಯಾರೋ ಫೋಟೋ ತೆಗೆದರು. ಸಂಜೆಯೊಳಗೆ ಎರಡೂ ಗ್ರೂಪಿನಲ್ಲಿ. ಮೇಲಿನವರು ನನಗೆ ಬರೆದದ್ದು — 'ಅಂದಾನೆಪ್ಪ, ನಮ್ಮೊಳಗೇ ಇರುವ ಅವರ ಮನುಷ್ಯ'. ಕೆಳಗಿನವರೂ ಅದನ್ನೇ ಅಮೋಘನಿಗೆ ಬರೆದರು.

ಆಮೇಲೆ ಗುರುನಾಥ ಮನೆಗೆ ಬಂದ. ಬಿಳಿ ಬಟ್ಟೆ, ಸೆಂಟು.

"ಕಾಕಾ, ಕಾರಹುಣ್ಣಿಮಿ ಬಂತು. ಬೆಳ್ಯಾ ಈಗ ನಿಮ್ಮದಷ್ಟ ಅಲ್ಲ ನೋಡ್ರಿ. ನಮ್ಮ ಮಾನದ ಪ್ರಶ್ನಿ ಅದ."

"ಎತ್ತು ಕರಿ ಹರದ್ರ ಬೆಳಿ ಹೆಂಗ ಬರತೈತಿ ಅಂತ ತಿಳಿತೈತಿ. ಮಾನ ಎಲ್ಲಿಂದ ಬಂತೋ ಅದರಾಗ?"

"ಅದೆಲ್ಲಾ ಹಳೇ ಕಾಲದ್ದರಿ" ಅಂದು ನಕ್ಕ.

ಕರಿ ಅಂದರೆ ಅಗಸಿಗೆ — ಊರ ಹೆಬ್ಬಾಗಿಲಿಗೆ — ಅಡ್ಡ ಕಟ್ಟಿದ ಬೇವಿನ ಸೊಪ್ಪಿನ ಹಗ್ಗ. ಕಾರಹುಣ್ಣಿಮೆಯ ಸಂಜೆ ಒಂದು ಬಿಳಿ ಎತ್ತು, ಒಂದು ಕೆಂದೆತ್ತು ಓಡಿಸುತ್ತಾರೆ. ಕೆಂದ ಹರಿದರೆ ಮುಂಗಾರಿ ಬೆಳೆ ಜೋರು, ಬಿಳಿ ಹರಿದರೆ ಹಿಂಗಾರಿ ಜೋರು. ಎರಡೂ ಬೆಳೆ ಬೇಕಾದವನು ಯಾರಿಗೆ ಚಪ್ಪಾಳೆ ಹೊಡೆಯಬೇಕು? ಎರಡಕ್ಕೂ ಹೊಡೆಯುತ್ತಿದ್ದೆವು. ಈ ವರ್ಷ ಬಿಳಿ ಅಂದರೆ ಮೇಲಿನ ಓಣಿ, ಗುರುನಾಥನ ಪಾರ್ಟಿ. ಕೆಂದ ಅಂದರೆ ಕೆಳಗಿನ ಓಣಿ, ಸುಭಾಸನ ಪಾರ್ಟಿ. ಗೋಡೆಯ ಮೇಲೆ ಎತ್ತಿನ ಚಿತ್ರ ಬಂದಿದೆ.

ಜೂನ್ ೧೬, ರವಿವಾರ

ಕರಿ ಹರಿಯುವ ದಿನ ಗಲಾಟೆ ಆಗಬಾರದು ಅಂತ ಶಾಂತಿ ಸಭೆ. ಬೈಲಹೊಂಗಲದಿಂದ ಪಿಎಸ್ಐ ಬಂದಿದ್ದರು. ಚಿಕ್ಕ ವಯಸ್ಸು, ಕರಾವಳಿ ಕಡೆಯ ಮಾತು. ಒಳ್ಳೆಯ ಉದ್ದೇಶವೇ. ಎರಡು ಕಡೆಯವರನ್ನು ದಾರಿಯ ಎರಡು ಬದಿಗೆ ನಿಲ್ಲಿಸುವುದು, ನಡುವೆ ಎತ್ತು. ಯಾವ ಎತ್ತು ಯಾವ ಬದಿಗೆ ಅಂತ ನಾಣ್ಯ ಚಿಮ್ಮುವುದು, ಪಕ್ಷಪಾತ ಇಲ್ಲ ಅನ್ನುವುದಕ್ಕೆ.

ನಾನು ಎದ್ದು ನಿಂತೆ. "ಸಾಹೇಬ್ರ, ನಾಣ್ಯ ಬ್ಯಾಡ್ರಿ. ಬೆಳ್ಯಾನ್ನ ಎಡಕ್ಕ ಬಿಡಬೇಕು, ಕೆಂದ್ಯಾನ್ನ ಬಲಕ್ಕ. ಅವು ಹಂಗ ರೂಢಿ ಆಗ್ಯಾವ."

ಸುಭಾಸ ಎದ್ದ. "ನೋಡ್ರಿ ಸರ್! ಎಡಕ್ಕ ದಾರಿ ಸಪಾಟ ಐತಿ, ಬಲಕ್ಕ ಗಟಾರ ಐತಿ. ಅದಕ್ಕ ಎಡ ಕೇಳತಾರ."

"ಗಟಾರಕ್ಕ ಏನ ಸಂಬಂಧೋ ಮಾರಾಯಾ? ಅಮೋಗಾನ್ನ ಕೇಳ್ರಿ. ಅವನ ಎತ್ತೂ ಅದರಾಗ ಐತಿ."

ಎಲ್ಲರೂ ಅಮೋಘನ ಕಡೆ ತಿರುಗಿದರು. ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ಹಿಂದೆ ಸುನೀಲ, ಸುನೀಲನ ಹಿಂದೆ ಕೆಳಗಿನ ಓಣಿ ಪೂರಾ. ಅಮೋಘ ಹೆಗಲ ಟಾವೆಲ್ ತೆಗೆದು ಮುಖ ಒರೆಸಿಕೊಂಡ.

"ಮಂದಿ ಹೆಂಗ ಅಂತಾರ ಹಂಗ" ಅಂದ.

ಪಿಎಸ್ಐ ನಾಣ್ಯ ಚಿಮ್ಮಿದರು. ಬೆಳ್ಯಾನಿಗೆ ಬಲ, ಕೆಂದ್ಯಾನಿಗೆ ಎಡ. ಕೆಳಗಿನ ಓಣಿಯವರು ಸೀಟಿ ಹೊಡೆದರು. ಬರುವಾಗ ನಿಂಗರಾಜ ಹೇಳಿದ — "ಮಂದಿ ಮುಂದ ಎಡ ಬೇಡಿ ನಮ್ಮ ಮರ್ಯಾದಿ ಕಳದ್ರಿ ಅಪ್ಪಾ." ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅಮೋಘನ ಮೇಲೆ ಬಂತು.

ಜೂನ್ ೨೦, ಹೊನ್ನುಗ್ಗಿ (ಕಾರಹುಣ್ಣಿಮೆಯ ಹಿಂದಿನ ದಿನ), ಬೆಳಿಗ್ಗೆ

ಹಳ್ಳದಲ್ಲಿ ಎತ್ತು ಮೈ ತೊಳೆಯಲು ಹೋಗಿದ್ದೆ. ಅಮೋಘನೂ ಬಂದಿದ್ದ. ಬೇರೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಬರೀ ಎತ್ತು ತಿಕ್ಕಿದೆವು. ಆಮೇಲೆ ನಾನೇ ಬಾಯಿ ತೆರೆದೆ.

"ನಿನಗ ಗೊತ್ತಿತ್ತಲ್ಲೋ. ಯಾಕ ಸುಮ್ಮ ಕುಂತಿ?"

"ಹೌದು ಅಂದಿದ್ರ ನಿನ್ನ ಕಡೆ ಮನಶ್ಯಾ ಅಂತಿದ್ರು. ಅಂದಾನಿ, ಸುನ್ಯಾ ಮನಿ ಬಿಟ್ಟ ಹೋಗತೇನಿ ಅಂತಾನ. ಮನ್ಯಾಗ ನನ್ನ ಕೂಡ ಮಾತ ಇಲ್ಲ."

"ನಮ್ಮ ಮನ್ಯಾಗೂ ಅದ ಹಣೇಬರ."

ಒಂದು ಉಪಾಯ ಹೇಳಿದೆ. ನಮ್ಮ ನಮ್ಮ ಎತ್ತಿನ ಕಾಲು ಉಳುಕಿದೆ ಅಂತ ಹೇಳಿಬಿಡೋಣ, ಎರಡೂ ಓಡುವುದು ಬೇಡ. ಅವನ ಮುಖ ಸ್ವಲ್ಪ ಗೆಲುವಾಯಿತು.

"ಛಲೋ ಆತು. ಮೊದಲ ನೀ ಹೇಳು. ಆಮ್ಯಾಲ ನಾ ಹೇಳತೇನಿ."

"ನಾ ಮೊದಲ ಹೇಳಿದ್ರ ನಮ್ಮ ಕಡೇವರು ಹೆದರಿದ ಅಂತಾರ. ಮೊದಲ ನೀ ಹೇಳು."

"ನನಗೂ ಹಂಗ ಅಂತಾರಲ್ಲೋ."

ಹೀಗೇ ಎಷ್ಟೋ ಹೊತ್ತು. ಮೊದಲು ನೀನು, ಮೊದಲು ನೀನು. ಹುಡುಗರಿದ್ದಾಗ ಹಳ್ಳಕ್ಕೆ ಧುಮುಕುವಾಗಲೂ ಹೀಗೇ ಮಾಡುತ್ತಿದ್ದೆವು, ಆಗ ಕೊನೆಗೆ ಇಬ್ಬರೂ ಒಟ್ಟಿಗೆ ಧುಮುಕುತ್ತಿದ್ದೆವು. ಇವತ್ತು ಬಿಸಿಲೇರಿತು, ಎತ್ತು ಹೊಡೆದುಕೊಂಡು ಬೇರೆ ಬೇರೆ ದಾರಿ ಹಿಡಿದೆವು. ಸಂಜೆಯೊಳಗೆ ಅವನು ಹೇಳುತ್ತಾನೆ ಅಂತ ಕಾಯುತ್ತಿದ್ದೇನೆ.

ಅದೇ ದಿನ, ದೀಪ ಹಚ್ಚುವ ಹೊತ್ತು

ಹೇಳಲಿಲ್ಲ. ನಾನೂ ಹೇಳಲಿಲ್ಲ. ಬೆಳ್ಯಾನಿಗೆ ಅರಿಸಿಣ, ಎಣ್ಣೆ, ತತ್ತಿ ಕುಡಿಸಿದ್ದಾಯಿತು. ಗುರುನಾಥನ ಹುಡುಗರು ಬಂದು ಕೊಂಬಿಗೆ ಪಾರ್ಟಿ ಬಣ್ಣ ಹಚ್ಚಿದರು.

ಜೂನ್ ೨೪, ಬೆಳಗಾವಿ

ಆಸ್ಪತ್ರೆ. ನಿಂಗರಾಜನ ತೊಡೆಯ ಎಲುಬು, ಸೊಂಟದ ಎಲುಬು ಮುರಿದಿವೆ. ನಿನ್ನೆ ಆಪರೇಷನ್ ಆಯಿತು. ಜೀವಕ್ಕೆ ಅಪಾಯ ಇಲ್ಲ ಅಂದರು. ಮೊದಲಿನ ಹಾಗೆ ನಡೆಯುತ್ತಾನೋ ಇಲ್ಲವೋ ಹೇಳಲು ಬರುವುದಿಲ್ಲ ಅಂದರು. ಸೋಮವ್ವ ಅತ್ತು ಅತ್ತು ಈಗ ಸುಮ್ಮನಾಗಿದ್ದಾಳೆ.

ಕಾರಹುಣ್ಣಿಮೆಯ ದಿನದ್ದು ಬರೆಯಬೇಕು. ಮರೆಯುವ ಮೊದಲು.

ಹಗ್ಗ ನಾನೇ ಹಿಡಿಯುತ್ತೇನೆ ಅಂದೆ. ಹುಡುಗರು ಕಸಿದುಕೊಂಡರು. ಬೆಳ್ಯಾನ ಹಗ್ಗ ನಿಂಗರಾಜನ ಕೈಯಲ್ಲಿ, ಕೆಂದ್ಯಾನದು ಸುನೀಲನ ಕೈಯಲ್ಲಿ. ಬಲಕ್ಕೆ ನಮ್ಮ ಮಂದಿ, ಎಡಕ್ಕೆ ಅವರ ಮಂದಿ. ಹಲಗೆ, ಡಿಜೆ, ಘೋಷಣೆ. ಅಮೋಘ ಎದುರು ಬದಿಯಲ್ಲಿ ಕೈಕಟ್ಟಿ ನಿಂತಿದ್ದ. ನನ್ನನ್ನು ನೋಡಿದ. ನಾನೂ ನೋಡಿದೆ. ಇಬ್ಬರಿಗೂ ಗೊತ್ತಿತ್ತು.

ಎತ್ತು ಬಿಟ್ಟರು. ಸ್ವಲ್ಪ ದೂರ ನೆಟ್ಟಗೆ ಓಡಿದವು. ಆಮೇಲೆ ಬೆಳ್ಯಾ ಎಡಕ್ಕೆ ಎಳೆಯಿತು, ಕೆಂದ್ಯಾ ಬಲಕ್ಕೆ ಎಳೆಯಿತು. ತಮ್ಮ ಜಾಗ ಹುಡುಕಿದವು, ಮತ್ತೇನಿಲ್ಲ. ಬೆಳ್ಯಾ ದಾಟಿ ಅವರ ಮಂದಿಯೊಳಗೆ ನುಗ್ಗಿತು, ಒಬ್ಬ ಮುದುಕನ ಕೈ ಮುರಿಯಿತು. ಕೆಂದ್ಯಾ ನಮ್ಮ ಮಂದಿಯ ಕಡೆ ಬಂತು, ಬೆಳ್ಯಾನ ಹಿಂದೆ ಓಡುತ್ತಿದ್ದ ನಿಂಗರಾಜ ನಡುವೆ ಸಿಕ್ಕ. ಕೆಡವಿ ತುಳಿದು ಹೋಯಿತು. ಕರಿಯನ್ನು ಯಾವ ಎತ್ತೂ ಹರಿಯಲಿಲ್ಲ.

ಅವರು ಕಂಡದ್ದು ಬಿಳಿ ಎತ್ತು ತಮ್ಮ ಮೇಲೆ ಬಂದದ್ದು. ಇವರು ಕಂಡದ್ದು ಕೆಂದೆತ್ತು ತಮ್ಮ ಮೇಲೆ ಬಂದದ್ದು. "ಬಿಟ್ಟರು! ಬೇಕಂತ ಬಿಟ್ಟರು!" ಅಂತ ಎರಡು ಕಡೆಯಿಂದಲೂ ಕೂಗು. ಮೊದಲ ಕಲ್ಲು ಎಲ್ಲಿಂದ ಬಂತೋ ನೋಡಲಿಲ್ಲ, ಮಗನ ಹತ್ತಿರ ಓಡುತ್ತಿದ್ದೆ. ಅವನನ್ನು ಜೀಪಿಗೆ ಹಾಕುವಾಗ ಹಿಂದೆ ಮೇವಿನ ಬಣವಿಗಳು ಉರಿಯುತ್ತಿದ್ದವು, ಎರಡೂ ಓಣಿಯವು. ಈಗ ಊರಿನಲ್ಲಿ ನಿಷೇಧಾಜ್ಞೆ. ಗಿರಣಿ ಸುಟ್ಟಿದೆ, ನಾಲ್ಕಾರು ಮನೆ ಸುಟ್ಟಿವೆ. ಎರಡೂ ಎತ್ತುಗಳನ್ನು ಪೊಲೀಸರು ಹಿಡಿದು ಕಟ್ಟಿಸಿದ್ದಾರಂತೆ.

ಜೂನ್ ೨೭

ಗುರುನಾಥ ಆಸ್ಪತ್ರೆಗೆ ಬಂದ. ಹಣ್ಣು ತಂದಿದ್ದ. ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿದ.

"ಕಾಕಾ, ಅಮೋಘಸಿದ್ದಪ್ಪ ಸ್ಟೇಟ್‌ಮೆಂಟ್ ಕೊಟ್ಟಾನ. ಸಭಾದಾಗ ನೀವು ಎಡ ಕೇಳಿದ್ದು ಪ್ಲ್ಯಾನ್ ಇತ್ತಂತ. ಬೆಳ್ಯಾನ್ನ ಅವರ ಮ್ಯಾಲ ನುಗ್ಗಸಾಕ ಮೊದಲ ಕಲಿಸಿಟ್ಟಿದ್ರಿ ಅಂತ ಬರಸ್ಯಾನ."

"ಅಮೋಗಾ ಹಂಗ ಹೇಳೂದಿಲ್ಲ."

"ಹೇಳ್ಯಾನರಿ. ನಮ್ಮ ಮಂದಿ ಸ್ಟೇಶನ್‌ದಾಗ ಅದಾರ."

ಒಳಗೆ ಹೋದೆ. ನಿಂಗರಾಜನ ಕಾಲಿಗೆ ಕಬ್ಬಿಣದ ರಾಡು. ಮಗ ಕಣ್ಣು ತೆರೆದು ಒಂದೇ ಮಾತು ಹೇಳಿದ. "ಅಪ್ಪಾ, ಸುನ್ಯಾನ ಅಪ್ಪ ಕೋಲಿಲೆ ತಿವದು ಕೆಂದ್ಯಾನ್ನ ನನ್ನ ಮ್ಯಾಲ ಬಿಟ್ಟ. ನೀವು ನೋಡೀರಿ. ಹೌದಲ್ಲ?"

ನೋಡಿಲ್ಲ ಅನ್ನಬೇಕಿತ್ತು. "ಮಲಕೋ" ಅಂದೆ.

ಅಮೋಘನಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ನಂಬರ್ ತೆಗೆದೆ. ಅವನೇ ಮಾಡಲಿ ಅಂತ ಒಳಗಿಟ್ಟೆ. ನನ್ನ ಮಗ ಬಿದ್ದು ಇಷ್ಟು ದಿನವಾಯಿತು, ಹೇಗಿದ್ದಾನೆ ಅಂತ ಅವನು ಕೇಳಲಿಲ್ಲ.

ಜೂನ್ ೨೮, ಬೈಲಹೊಂಗಲ

ಸ್ಟೇಶನ್. ಅಮೋಘನ ಹೇಳಿಕೆ ನೋಡಬೇಕು ಅಂದೆ. ಹಾಗೆ ತೋರಿಸಲು ಬರುವುದಿಲ್ಲ ಅಂದರು, ಅದು ಕಾಯಿದೆ.

ಕೇಳಿದರು, ಹೇಳಿದೆ. ಅಮೋಘಸಿದ್ದಪ್ಪ ಕೋಲಿನಿಂದ ತಿವಿದು ಎತ್ತನ್ನು ನನ್ನ ಮಗನ ಮೇಲೆ ಬಿಟ್ಟಿದ್ದನ್ನು ಕಣ್ಣಾರೆ ಕಂಡೆ. ಓದಿ ಹೇಳಿದರು, ಒಪ್ಪಿದೆ.

  ಮಗನ ಕಾಲು ಕಣ್ಣ ಮುಂದೆ ಇತ್ತು. ಸಭೆಯಲ್ಲಿ ಅಮೋಘ ಟಾವೆಲ್‌ನಿಂದ ಮುಖ ಒರೆಸಿಕೊಂಡದ್ದು ಕಣ್ಣ ಮುಂದೆ ಇತ್ತು. ಅವನೇ ಮೊದಲು ಸುಳ್ಳು ಹೇಳಿದ. ಅವನೇ ಮೊದಲು.

ಜುಲೈ ೧

ಸೋಮವ್ವ, ನಾನು ಊರಿಗೆ ಬಂದೆವು, ಸಾಲಿನ ಕಳೆಗೆ ಎಡೆ ಹೊಡೆಯುವ ಹದ ಬಂದಿದೆ. ನಿಂಗರಾಜನ ಹತ್ತಿರ ಮೀನಾ ಇದ್ದಾಳೆ, ಕಿತ್ತೂರಿಗೆ ಕೊಟ್ಟ ಮಗಳು. ಬೆಳ್ಯಾನನ್ನು ಮರಳಿ ಕೊಟ್ಟರು. ಮೈ ಇಳಿದಿದೆ, ಮೇವು ಮುಟ್ಟುತ್ತಿಲ್ಲ.

ಅಮೋಘನನ್ನು ನಿನ್ನೆ ಹಿಡಿದುಕೊಂಡು ಹೋದರು. ಕೊಲೆ ಯತ್ನ.

ಇವತ್ತು ಮುಂಜಾನೆಯಿಂದ ನಮ್ಮ ಕಟ್ಟೆಯ ಮೇಲೆ ಗುರುನಾಥನ ಹುಡುಗರು ಕೂತಿದ್ದಾರೆ. ನಮ್ಮ ರಕ್ಷಣೆಗೆ ಅಂತೆ. ಕಂಬಾರನ ಕುಲುಮೆಯಲ್ಲಿ ಸುಗ್ಗಿ ಇಲ್ಲದ ಕಾಲದಲ್ಲಿ ಕುಡಗೋಲು ಬಡಿಸುತ್ತಿದ್ದಾರೆ. ಸಿರಸಂಗಿ ಕಡೆಯಿಂದ ಅವರ ಮಂದಿ ಬರುತ್ತಾರೆ ಅಂತ ಒಂದು ಗ್ರೂಪಿನಲ್ಲಿ. ರಾಮದುರ್ಗದ ಕಡೆಯಿಂದ ಇವರ ಮಂದಿ ಬರುತ್ತಾರೆ ಅಂತ ಇನ್ನೊಂದರಲ್ಲಿ. ಬಸ್ಸು ಅಗಸಿಯತನಕ ಬರುವುದಿಲ್ಲ, ಹೈವೇದಲ್ಲೇ ಇಳಿಸಿ ಹೋಗುತ್ತದೆ. ಎರಡು ಓಣಿಯ ನಡುವೆ ಜಾಲಿಮುಳ್ಳು ಕಡಿದು ಹಾಕಿದ್ದಾರೆ. ಇದನ್ನು ಜಗಳ ಅನ್ನುತ್ತಿದ್ದೆವು. ಈಗ ಹಾಗನ್ನಲು ಬಾಯಿ ಬರುವುದಿಲ್ಲ.

ಜುಲೈ ೩, ಮಧ್ಯಾಹ್ನ

ಶಟ್ಟೆವ್ವ ಬಂದಿದ್ದಳು.

ಮುಳ್ಳು ಸರಿಸಿ, ಹಾಡಹಗಲಿಗೆ, ದಾರಿಯ ನಡುವೆ ನಡೆದು ಬಂದಳು. ಒಬ್ಬಳೇ. ಕಟ್ಟೆಯ ಹುಡುಗರು ಎದ್ದು ನಿಂತರು, ಹೆಂಗಸು ಅಂತ ತಡೆಯಲಿಲ್ಲ. ಸೋಮವ್ವ ಒಳಗೆ ಕರೆದುಕೊಂಡಳು. ಕೂರಲಿಲ್ಲ. ಪಡಸಾಲೆಯಲ್ಲಿ ನಿಂತೇ ಮಾತಾಡಿದಳು.

"ಅಂದಾನೆಪ್ಪಾ, ಸ್ಟೇಶನ್‌ದಾಗ ಏನ ಬರಿಸಿ ಬಂದಿ?"

"ಅವ ಏನ ಬರಸ್ಯಾನ ಅದನ್ನ ಮೊದಲ ಹೇಳು."

"ಅವನ ಕೂಡ ನಾನೂ ಹೋಗಿದ್ದೆ. ನನ್ನ ಮುಂದ ಹೇಳ್ಯಾನ. 'ಬೆಳ್ಯಾ ಎಡಕ್ಕ, ಕೆಂದ್ಯಾ ಬಲಕ್ಕ ಅಂತ ಅಂದಾನಿ ಸಭಾದಾಗ ಖರೇ ಹೇಳಿದ್ದ. ನ್ಯಾಯ ಅವನ ಕಡೆ ಇತ್ತು. ನನ್ನ ಕೇಳಿದ್ರು, ನಾ ಬಾಯಿ ಮುಚಗೊಂಡ ಕುಂತೆ. ತಪ್ಪ ನಂದು, ಎತ್ತಿಂದಲ್ಲ, ಅಂದಾನಿದಲ್ಲ.' ಹಿಂಗ ಹೇಳ್ಯಾನ. 'ತಪ್ಪ ನಂದು' ಅಂದಿದ್ದನ್ನ ಅವರು ಬರಕೊಂಡ್ರು. ಅದರ ಮ್ಯಾಲ ನೀ ಹೋಗಿ ಕಣ್ಣಾರೆ ನೋಡೇನಿ ಅಂದಿ."

 ಗುರುನಾಥ ಹೇಳಿದ್ದನ್ನು ನಂಬಿದೆ. ಐವತ್ತು ವರ್ಷದ ಗೆಳೆಯನನ್ನು ಒಂದು ಮಾತು ಕೇಳಲಿಲ್ಲ.

"ದವಾಖಾನಿಗೂ ಬಂದಿದ್ವಿ. ಗೇಟಿನ್ಯಾಗ ನಿಮ್ಮ ಹುಡುಗರು ಒಳಗ ಬಿಡಲಿಲ್ಲ" ಅಂದಳು. ಆಮೇಲೆ ಧ್ವನಿ ತಗ್ಗಿಸಿದಳು. "ಸುನ್ಯಾ ಮನಿ ಬಿಟ್ಟ ಹೋಗ್ಯಾನ. ಇವತ್ತ ಸಂಜಿಕ ಬರತಾನ. ಒಬ್ಬನ ಬರೂದಿಲ್ಲ. ನೀ ಸುಳ್ಳ ಅಂತ ಒಪ್ಪಿಗೋ, ನಾ ಅವನ್ನ ದಾರ್ಯಾಗ ನಿಂದ್ರಸತೇನಿ. ಇಲ್ಲಾಂದ್ರ ನನ್ನ ಕೈಲಿ ಆಗೂದಿಲ್ಲ."

ಹೋದಳು. ಸೋಮವ್ವ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಬರೆಸಿದ್ದನ್ನು ಅವಳಿಗೂ ಇವತ್ತಿನವರೆಗೆ ಹೇಳಿರಲಿಲ್ಲ.

"ಖರೇನ ಕೋಲ ಇತ್ತನ್ರಿ ಅವನ ಕೈಯಾಗ?"

ಇರಲಿಲ್ಲ. ಕೈಕಟ್ಟಿ ನಿಂತಿದ್ದ.

"ಅಂಗಿ ಹಾಕ್ಕೋರಿ" ಅಂದಳು.

ಅದೇ ದಿನ, ಮೂರರ ಮೇಲೆ

ಅಂಗಿ ಹಾಕಿಕೊಂಡು ಹೊರಗೆ ಹೋದೆ. ಕಟ್ಟೆಯ ತುಂಬ ಮಂದಿ, ಮುಂಜಾನೆಗಿಂತ ಜಾಸ್ತಿ. ಗುರುನಾಥ ಎದ್ದು ಬಂದ.

"ಎಲ್ಲಿಗರಿ ಕಾಕಾ?"

"ಬೈಲಹೊಂಗಲಕ್ಕ. ನಾ ಬರಿಸಿದ್ದು ಸುಳ್ಳ ಅಂತ ಹೇಳಿ ಬರತೇನಿ. ಗಾಡಿ ಕೊಡು."

 ಗುರುನಾಥ ಹೆಗಲ ಮೇಲೆ ಕೈ ಹಾಕಿದ. ಮೆತ್ತಗೇ. "ಕಾಕಾ, ಮಗನ ಚಿಂತ್ಯಾಗ ನಿಮಗ ನಿದ್ದಿ ಇಲ್ಲ. ಒಳಗ ಹೋಗಿ ಮಲಕೋರಿ. ನಾಳೆ ನೋಡೂಣು." ಒಳಗೆ ದೂಡಿಕೊಂಡು ಬಂದು ಬಿಟ್ಟ. ಹೊರಗಿನಿಂದ ಚಿಲಕ ಬಿದ್ದ ಸದ್ದು. ನನ್ನ ಫೋನನ್ನೂ ಕಿಸೆಯಿಂದ ತೆಗೆದುಕೊಂಡು ಹೋದ.

ಹಿತ್ತಲಿನಿಂದ ಹೋಗೋಣ ಅಂದರೆ ಸೋಮವ್ವ ನೋಡಿಬಂದಳು. ಅಲ್ಲಿಯೂ ಇದ್ದಾರೆ. ಎಲ್ಲಾ ಗುರುತಿನ ಹುಡುಗರು, ನಿಂಗರಾಜನ ಜೊತೆಯವರು. ಈ ಮನೆಯಲ್ಲಿ ಉಂಡವರು. ಕೈಯಲ್ಲಿ ಕುಡಗೋಲು.

ಕೆಳಗಿನ ಓಣಿಯಲ್ಲಿ ಗದ್ದಲ ಶುರುವಾಗಿದೆ. ಸುನೀಲ ಸಂಜೆಯತನಕ ಕಾಯಲಿಲ್ಲ ಅಂತ ಕಾಣುತ್ತದೆ. ಕಟ್ಟೆಯವರು ಕಲ್ಲು ಆರಿಸುತ್ತಿದ್ದಾರೆ, ಬುಟ್ಟಿಗೆ ಹಾಕುವ ಸದ್ದು ಇಲ್ಲಿಗೆ ಕೇಳುತ್ತಿದೆ.

ಚಾವಣಿಯ ಬೆಳಕಿಂಡಿಯಿಂದ ಮಾಳಿಗೆಯ ಮೇಲೆ ಹತ್ತಬಹುದು. ಏಣಿ ಒಳಗೇ ಇದೆ. ಮೇಲೆ ನಿಂತು ಕೂಗಿದರೆ ಎರಡೂ ಓಣಿಗೆ ಕೇಳುತ್ತದೆ, ಬೈಲಹೊಂಗಲಕ್ಕೆ ಹೋಗುವುದೇ ಬೇಕಾಗಿಲ್ಲ. ಕೋಲು ಇರಲಿಲ್ಲ. ನಾನು ಸುಳ್ಳು ಬರೆಸಿದೆ. ಅಮೋಘ ಖರೇ ಹೇಳಿದ. ಇಷ್ಟು ಹೇಳಲು ಬಿಟ್ಟರೆ ಸಾಕು. ಕೇಳಿದ ಮೇಲೆ ಅವರೂ ಹೊಡೆಯಬಹುದು, ನಮ್ಮವರೂ ಹೊಡೆಯಬಹುದು. ನಮ್ಮವರು ಹತ್ತಿರ ಇದ್ದಾರೆ. ಹೆದರಿಕೆ ಆಗುತ್ತಿದೆ. ಆಗುತ್ತಿಲ್ಲ ಅಂದರೆ ಮತ್ತೊಂದು ಸುಳ್ಳು.

ಸೋಮವ್ವ ಏಣಿ ಹಿಡಿದು ನಿಂತಿದ್ದಾಳೆ. "ಬರಿಯೂದು ಸಾಕ, ಏಳ್ರಿ" ಅನ್ನುತ್ತಿದ್ದಾಳೆ. ಮೊದಲು ಸುನೀಲನ ಹೆಸರು ಹಿಡಿದು ಕೂಗಬೇಕು, ಅವನು ತಲೆ ಎತ್ತಿ ನೋಡುವ ಹಾಗೆ. ಆಮೇಲೆ —